ಪಟ್ಟೆ ಮೀನಿನ ದವಡೆ

ರಾಮಲಕ್ಷ್ಮಮ್ಮ ಶಿಡ್ಲಘಟ್ಟದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲ್ಯಾಬಿಗೆ ಅಟೆಂಡರ್. ಕಪ್ಪೆ ಹಿಡಿ ಎಂದರೆ ಹಿಡಿಯುತ್ತಿದ್ದಳು, ಭರಣಿಯೊಳಗಿನ ಹಾವಿಗೆ ಮದ್ದಿನ ನೀರು ಬದಲಿಸು ಎಂದರೆ ಬದಲಿಸುತ್ತಿದ್ದಳು. ಕತ್ತರಿ, ಬ್ಲೇಡು ಮಾತ್ರ ಮುಟ್ಟುತ್ತಿರಲಿಲ್ಲ. ಇದನ್ನು ಮಡಿ ಎಂದವರುಂಟು, ಮೈಗಳ್ಳತನ ಎಂದವರೂ ಉಂಟು. ಎರಡೂ ಅಲ್ಲ. ಕೇಳುವ ವ್ಯವಧಾನ ಇಲ್ಲದವರಿಗೆ ಹೇಳಿ ಏನು ಪ್ರಯೋಜನ ಎಂದು ಅವಳೂ ಸುಮ್ಮನಿದ್ದಳು.

ಎಂಬತ್ತನೆಯ ಇಸವಿಯಲ್ಲಿ ಹಾಡುಹಗಲೇ ಕತ್ತಲು ಮಾಡಿದ ಆ ದೊಡ್ಡ ಸೂರ್ಯಗ್ರಹಣದ ದಿನ ಅವಳು ಆರು ತಿಂಗಳ ಬಸುರಿ. ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಆದರೆ ಮನೆಯಲ್ಲಿ ರೇಷ್ಮೆ ಹುಳ ಇನ್ನೂ ಮರಿ, ಸೊಪ್ಪನ್ನು ಎಳೆ ಎಳೆಯಾಗಿ ಹೆಚ್ಚಿ ಹಾಕಬೇಕು. ಅತ್ತೆ ಅಮ್ಮಾಜಮ್ಮನಿಗೆ ಆ ದಿನ ಚಳಿಜ್ವರ. ಮಲಗಿದ್ದಲ್ಲಿಂದಲೇ, "ಗ್ರಹಣ ಅಂತ ಹುಳ ಬಾಯಿ ಕಟ್ಕೊಂಡಿರ್ತಾವಾ? ಒಂದು ಹಿಡಿ ಹೆಚ್ಚಾಕಮ್ಮ," ಎಂದಳು. ಸೊಸೆ ಈಳಿಗೆಮಣೆ ಹಾಕಿಕೊಂಡು ಕೂತಳು.

ಹುಟ್ಟಿದ ಕೂಸಿಗೆ ತುಟಿ ಸೀಳಿತ್ತು, ಒಳಗೆ ಅಂಗುಳವೂ ಬಿಟ್ಟುಕೊಂಡಿತ್ತು. ಕುಡಿಸಿದ ಹಾಲು ಮೂಗಿನಿಂದ ಬರುತ್ತಿತ್ತು. ನೋಡಲು ಬಂದ ಹೆಂಗಸರು ತೆಲುಗಿನಲ್ಲಿ "ಗ್ರಹಣಂ ಮೊರ್ರಿ" ಎಂದರು. ಗ್ರಹಣ ಸೀಳಿದ ಬಾಯಿ ಎಂದು ಅದರ ಅರ್ಥ; ಗ್ರಹಣದ ಹೊತ್ತಲ್ಲಿ ಬಸುರಿ ಕತ್ತಿ ಆಡಿಸಿದರೆ ಹೀಗಾಗುತ್ತದೆ ಎಂದು ನಂಬಿಕೆ. ನೋಡಿ, ಕಾಯಿಲೆಯ ಹೆಸರಲ್ಲೇ ತೀರ್ಪೂ ಸೇರಿತ್ತು, ಬೇರೆ ಪಂಚಾಯ್ತಿ ಬೇಕಾಗಲಿಲ್ಲ. ಹೆಸರಿಡುವ ಮೊದಲೇ ಕೂಸು ಹೋಯಿತು. ಮಾರನೆಯ ದಿನ ರಾಮಲಕ್ಷ್ಮಮ್ಮ ಅಡುಗೆಮನೆಗೆ ಹೋದರೆ ಅಮ್ಮಾಜಮ್ಮ ಈಳಿಗೆಮಣೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ಆ ಮನೆಯಲ್ಲಿ ಸೊಪ್ಪು, ಈರುಳ್ಳಿ, ಹುರುಳಿಕಾಯಿ ಹೆಚ್ಚುವುದೆಲ್ಲ ಅತ್ತೆಯೇ.

ಮಗುವನ್ನು ಕೊಂದ ಕೈ ಎಂದು ಅತ್ತೆ ದೂರ ಇಟ್ಟಿದ್ದಾಳೆ, ಇದು ರಾಮಲಕ್ಷ್ಮಮ್ಮ ಮಾಡಿಕೊಂಡ ಅರ್ಥ. ಹೆಚ್ಚು ಎಂದವಳೂ ಅವಳೇ ಅಲ್ಲವೇ ಎಂದು ಜಗಳಕ್ಕೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಕತ್ತಿ ಆಡಿದ್ದು ತನ್ನ ಕೈಯಲ್ಲಿ ತಾನೆ? ಮತ್ತೆ ಮಕ್ಕಳಾಗಲಿಲ್ಲ. ಗಂಡ ಗಂಗುಲಪ್ಪ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ. ಇವಳಿಗೆ ಕಾಲೇಜಿನ ಕೆಲಸ ಸಿಕ್ಕಿತು. ದುಃಖ ಎಂದು ಹೇಳುವಂಥದ್ದೂ ಏನೂ ಉಳಿದಿರಲಿಲ್ಲ.

ತೊಂಬತ್ತೇಳರಲ್ಲಿ ಅಜೀಜಾ ಮೇಡಂ ಲೆಕ್ಚರರಾಗಿ ಬಂದರು. ಮಂಡಿಕಲ್ ಕಡೆಯ ಕಾಲುವೆಯಿಂದ ಬೆರಳುದ್ದವೂ ಇಲ್ಲದ ಪಟ್ಟೆ ಮೀನು ಹಿಡಿಸಿ ತಂದು ತೊಟ್ಟಿಯಲ್ಲಿ ಸಾಕಿದರು. ಗಾಜಿನಂಥ ಮೊಟ್ಟೆ, ಒಳಗೆ ಮರಿ ಬೆಳೆಯುವುದೆಲ್ಲ ಕಾಣುತ್ತದೆ. ಒಂದೇ ಜೋಡಿಯ ಮರಿಗಳನ್ನು ಅವುಗಳೊಳಗೇ ಕೂಡಿಸಿದಾಗ, ಹೊಸ ಮರಿಗಳಲ್ಲಿ ಕೆಲವಕ್ಕೆ ಕೆಳದವಡೆಯೇ ಬರಲಿಲ್ಲ. ಮೇಡಂ ಖುಷಿಯಿಂದ ಸೂಕ್ಷ್ಮದರ್ಶಕದ ಮುಂದೆ ಅವಳನ್ನೂ ಕೂರಿಸಿದರು.

ರಾಮಲಕ್ಷ್ಮಮ್ಮ ನೋಡಿದಳು. ಗದ್ದವಿಲ್ಲದ ಮುಖ, ತೆರೆದೇ ಇದ್ದ ಗಂಟಲು. "ಗ್ರಹಣಂ ಮೊರ್ರಿ," ಎಂದಳು.

"ಈಗೆಲ್ಲಮ್ಮಾ ಗ್ರಹಣ? ತೊಟ್ಟಿ ನೀರು ಬದಲಾಯಿಸೋಳು ನೀನೇ, ಕತ್ತಿ ಹಿಡ್ಕೊಂಡು ಯಾರಾದ್ರೂ ಬಂದ್ರಾ?" ಮೇಡಂ ನಕ್ಕರು. "ಮೊಟ್ಟೆಯೊಳಗಿನ ಮರಿಗೆ ಮೊದಲು ಕುತ್ತಿಗೆ ಹತ್ರ ಕಮಾನುಗಳ ಸಾಲು ಏಳತ್ತೆ. ತಲೆ ಹಿಂದಿಂದ ಜೀವಕೋಶಗಳು ಇಳ್ಕೊಂಡು ಬರ್ತವೆ, ರೇಷ್ಮೆ ಹುಳ ಬಿದಿರಿನ ಚಂದ್ರಿಕೆ ಹತ್ತಿ ಗೂಡು ಕಟ್ಟೋಕೆ ಜಾಗ ಹಿಡಿಯಲ್ವಾ, ಹಂಗೆ ಒಂದೊಂದು ಕಮಾನು ಹಿಡೀತವೆ. ಮೊದಲನೇದು ದವಡೆ. ಹಿಂದಿನವು ಮೀನಿಗೆ ಕಿವಿರು, ನಮಗೆ ಗಂಟಲು. ನೀನು ಮೂಳೆ ಆಗು, ನೀನು ಇಲ್ಲೇ ನಿಲ್ಲು ಅಂತ ಹೇಳೋದು ಜೀನ್‌ಗಳು. ಅಪ್ಪ ಅಮ್ಮ ಇಬ್ರೂ ನೆಟ್ಟಗೇ ಇರ್ತಾರೆ, ಇಬ್ಬರಲ್ಲೂ ಅಡಗಿದ್ದ ಒಂದು ತಪ್ಪು ಮರೀಲಿ ಒಟ್ಟಿಗೆ ಸೇರತ್ತೆ. ಆಗ ಆ ಮಾತೇ ಹೋಗಿ ಮುಟ್ಟಲ್ಲ."

"ಮನುಷ್ಯರಿಗೂ ಹಿಂಗೇನಾ?"

"ಹೆಚ್ಚುಕಡಿಮೆ. ಎಲ್ಲದಕ್ಕೂ ಜೀನೇ ಕಾರಣ ಅನ್ನೋಕಾಗಲ್ಲ."

"ಬಾಯಿ ಯಾವಾಗ ಕೂಡತ್ತೆ ಮೇಡಂ?"

"ಮೂರು ತಿಂಗಳೊಳಗೆ ಅಂಗುಳ ಕೂಡಿ ಮುಗಿದಿರತ್ತೆ. ಕೂಡದಿದ್ರೆ ಆವಾಗ್ಲೇ ಇಲ್ಲ. ಆಮೇಲೆ ಹೊರಗೆ ಏನು ಕೊಯ್ದ್ರೂ ಅದಕ್ಕೆ ತಗಲಲ್ಲ."

ಗ್ರಹಣ ಬಂದಾಗ ಆರು ತಿಂಗಳು. ಅಂದರೆ ಹಿಂದಿನ ದೀಪಾವಳಿ ಹೊತ್ತಿಗೆ, ಬಯಕೆ ಸಂಕಟಕ್ಕೆ ಒಬ್ಬಟ್ಟು ಸೇರುತ್ತಿಲ್ಲ ಎಂದು ಅತ್ತೆ ಗೇಲಿ ಮಾಡುತ್ತಿದ್ದ ದಿನಗಳಲ್ಲಿ, ಎಲ್ಲರೂ ನಗುತ್ತಿದ್ದಾಗಲೇ ಆಗುವುದೆಲ್ಲ ಆಗಿಹೋಗಿತ್ತು. ಅವಳಿಗೆ ಅಳು ಬರಲಿಲ್ಲ, ಸಂತೋಷವೂ ಆಗಲಿಲ್ಲ. ಜೋಮು ಹಿಡಿದ ಕಾಲನ್ನು ಮುಟ್ಟಿ ನೋಡಿಕೊಳ್ಳುವ ಹಾಗೆ ಆ ಮಾತನ್ನು ಮತ್ತೆ ಮತ್ತೆ ಮುಟ್ಟಿ ನೋಡಿದಳು. ಆಮೇಲೆ ತೊಟ್ಟಿಯ ನೀರು ಬದಲಿಸಿ ಮನೆಗೆ ಹೋದಳು.

ಅಮ್ಮಾಜಮ್ಮ ಸೊಪ್ಪು ಹೆಚ್ಚಲು ಕೂತಿದ್ದಳು. ಕಣ್ಣು ಮಂಜಾಗಿ ಬೆರಳಿನಲ್ಲಿ ಗಾಯದ ಗೆರೆಗಳು. ರಾಮಲಕ್ಷ್ಮಮ್ಮ ಎದುರಿಗೆ ಕೂತು ಮೀನಿನ ಕಥೆಯನ್ನೂ, ಮೂರು ತಿಂಗಳ ಮಾತನ್ನೂ ಹೇಳಿದಳು. "ಗ್ರಹಣ ಅಲ್ಲವಂತೆ ಅತ್ತೆ. ಈಳಿಗೆಮಣೇನೂ ಅಲ್ಲವಂತೆ."

ಮುದುಕಿ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. "ಹೆಚ್ಚು ಅಂದೋಳು ನಾನು," ಎಂದಳು. "ನನ್ನ ಮಾತಿಗೆ ನೀನು ಕತ್ತಿ ಮುಂದೆ ಕೂತೆ. ಇನ್ನ ಆ ಪಾಪ ನಿನ್ ಕೈಗೆ ಬೇಡ, ಎಷ್ಟಿದ್ರೂ ನಂಗೇ ಇರಲಿ ಅಂತ ಎಲ್ಲಾ ನಾನೇ ಹೆಚ್ಚುತಾ ಬಂದೆ."

"ನಾನು ಬೇರೆ ತಿಳ್ಕೊಂಡಿದ್ದೆ."

"ಗೊತ್ತು. ಬಾಯಿ ಬರಲಿಲ್ಲ ಕಣಮ್ಮ."

ಅಮ್ಮಾಜಮ್ಮ ಎದ್ದು ಪಕ್ಕಕ್ಕೆ ಸರಿದಳು. ರಾಮಲಕ್ಷ್ಮಮ್ಮ ಈಳಿಗೆಮಣೆಯ ಮೇಲೆ ಕೂತು ಒಂದು ಹಿಡಿ ಸೊಪ್ಪು ತೆಗೆದುಕೊಂಡಳು. ಕೈ ತನ್ನಷ್ಟಕ್ಕೆ ಆಡಿತು. ಸೊಪ್ಪು ಎಳೆ ಎಳೆಯಾಗಿ ತಟ್ಟೆಗೆ ಬಿತ್ತು, ನೂಲಿನಷ್ಟು ಸಣ್ಣಕ್ಕೆ, ಮರಿ ಹುಳಗಳಿಗೆ ಹೆಚ್ಚುವ ಹಾಗೆ.

ಮುದುಕಿ ತಟ್ಟೆಯಲ್ಲಿ ಕೈಯಾಡಿಸಿ ನೋಡಿದಳು.

"ಸಾರಿಗೆ ಇಷ್ಟು ಸಣ್ಣಕ್ಕೆ ಬೇಡಮ್ಮ," ಎಂದಳು.