ಬೆಳ್ಳಿಗುಂಡಿಯ ಅನುಮಾನಗಳು

ನಾನು ಅನುಮಾನದ ಪ್ರಾಣಿ. ಹೆಂಡತಿ ಹೇಳುವ ಮೊದಲು ನಾನೇ ಒಪ್ಪಿಕೊಂಡುಬಿಡುವುದು ಕ್ಷೇಮ. ಹಾಲಿನವನು ಪಾತ್ರೆಗೆ ಹಾಲು ಸುರಿಯುವಾಗ ನಾನು ನೋಡುವುದು ಹಾಲನ್ನಲ್ಲ, ಅವನ ಮುಖವನ್ನು. ಬೀಗ ಹಾಕಿ, ಎಳೆದು ನೋಡಿ, ಬಸ್ ಸ್ಟ್ಯಾಂಡಿನ ತನಕ ಹೋಗಿ, ಎಳೆದು ನೋಡಿದೆನೋ ಇಲ್ಲವೋ ಎಂದು ವಾಪಸ್ ಬರುತ್ತೇನೆ. ಇದಕ್ಕೆ ವೃತ್ತಿಯೂ ಒಂದು ಕಾರಣ. ನಂಜನಗೂಡಿನ ಆಸುಪಾಸಿನ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದೆ. ಪರೀಕ್ಷೆ ಬಂತೆಂದರೆ ಕಾಪಿ ಹಿಡಿಯುವ ಸ್ಕ್ವಾಡಿಗೆ ನನ್ನನ್ನೇ ಹಾಕುತ್ತಿದ್ದರು. ಜೇಬು, ಕಾಲರು, ಜಾಮಿಟ್ರಿ ಡಬ್ಬಿಯ ತಳ, ಯಾವುದನ್ನೂ ಬಿಟ್ಟವನಲ್ಲ. ಒಮ್ಮೆ ಒಬ್ಬನ ಕಾಲುಚೀಲ ಬಿಚ್ಚಿಸಿದೆ. ಒಳಗೆ ಸಿಕ್ಕಿದ್ದು ಒಂದು ತೂತು ಮಾತ್ರ. ಅವನು ಅಳುತ್ತಾ ಪರೀಕ್ಷೆ ಬರೆದ. ನಾನು ಆ ಅಳುವನ್ನೂ ಅನುಮಾನಿಸಿದೆ.

ಅನುಮಾನ ಎಂಬ ಪದದ ಗತಿಯೇ ವಿಚಿತ್ರ. ತರ್ಕಶಾಸ್ತ್ರದವರಿಗೆ ಅದು ಸತ್ಯವನ್ನು ತಿಳಿಯುವ ದಾರಿ. ಬೆಟ್ಟದ ಮೇಲೆ ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದೇ ಅವರ ಅನುಮಾನ. ಅಂಥ ಘನವಾದ ಪದ ಕನ್ನಡಕ್ಕೆ ಬಂದು, ನಮ್ಮ ಬಾಯಲ್ಲಿ ಸವೆದು, ಹಾಲಿನವನ ಮುಖ ನೋಡುವ ಮಟ್ಟಕ್ಕೆ ಇಳಿಯಿತು. ನಾನು ಮಾತ್ರ ಎರಡೂ ಅರ್ಥಗಳಿಗೆ ನ್ಯಾಯ ಸಲ್ಲಿಸುತ್ತಿದ್ದೇನೆ ಎಂದುಕೊಂಡಿದ್ದೆ, ಬೆಳ್ಳಿಗುಂಡಿಗೆ ಹೋಗುವ ತನಕ.

ತಿ. ನರಸೀಪುರದಲ್ಲಿ ನನ್ನ ಹೆಂಡತಿ ಸುಶೀಲಳ ಅಣ್ಣನ ಮನೆ. ಅಲ್ಲೊಂದು ನಾಮಕರಣದ ಊಟದಲ್ಲಿ ಪಕ್ಕದ ಎಲೆಯವರು ಬೆಳ್ಳಿಗುಂಡಿಯ ವಿಷಯ ತೆಗೆದರು. ಸುತ್ತೂರಿನಿಂದಾಚೆ ಒಳಗಡೆ ಒಂದು ಪಾಳುಬಿದ್ದ ಗಣಿ ಊರಿದೆ, ಹಿಂದೆ ಅಲ್ಲಿ ಬೆಳ್ಳಿ ತೆಗೆಯುತ್ತಿದ್ದರು, ಈಗ ದೆವ್ವದ ಕಾಟಕ್ಕೆ ನರಪಿಳ್ಳೆ ಇಲ್ಲ, ಆದರೂ ಒಳಗೆ ಬೆಳ್ಳಿ ಇನ್ನೂ ಇದೆ ಎಂದರು. ನನ್ನ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ಈ ಸೀಮೆಯಲ್ಲಿ ಬೆಳ್ಳಿಯೇ? ಬಿಳಿ ಕಲ್ಲು ಇರಬಹುದು; ಕುಲುಮೆಗೆ ಹಾಕುವ ಇಟ್ಟಿಗೆಗೆ ಬಳಸುವ ಮ್ಯಾಗ್ನಸೈಟು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದಮೇಲೆ ಬೆಳ್ಳಿ ಹೇಗಾದೀತು? ಸುಳ್ಳನ್ನು ಸ್ಥಳದಲ್ಲೇ ಹಿಡಿಯಬೇಕೆಂದು ಮರುವಾರ ಸ್ಕೂಟರ್ ಹತ್ತಿದೆ. ಸುಶೀಲ ಹಿಂದೆ ಕೂತಳು. ಅವಳಿಗೆ ಬೆಳ್ಳಿಯೂ ಬೇಕಿರಲಿಲ್ಲ, ದೆವ್ವವೂ ಬೇಕಿರಲಿಲ್ಲ. ನಾನು ಒಬ್ಬನೇ ಹೋದರೆ ಯಾರ ಜೊತೆಗಾದರೂ ಜಗಳವಾಡಿ ಬರುತ್ತೇನೆ ಎಂಬ ಕಾಳಜಿಯಷ್ಟೆ.

ಟಾರು ಮುಗಿದು, ನಾಲೆಯ ಏರಿ ಮುಗಿದು, ಜಾಲಿಯ ಮಧ್ಯೆ ಒಂದು ಗಾಡಿ ಜಾಡು ಉಳಿಯಿತು. ಅದರ ತುದಿಯಲ್ಲಿ ಊರು ಕಂಡಿತು. ಒಂದೇ ಅಳತೆಯ ಮನೆಗಳ ಎರಡು ಸಾಲು, ಹೆಚ್ಚಿನವಕ್ಕೆ ಚಾವಣಿಯಿಲ್ಲ. ಬಾಗಿಲ ಚೌಕಟ್ಟುಗಳ ಮೇಲೆ ಬಣ್ಣದಲ್ಲಿ ಬರೆದ ನಂಬರುಗಳು. ಒಂದು ಗೋಡೆಯ ಮೇಲೆ ‘ಹೆಲ್ಮೆಟ್ ಧರಿಸಿ’ ಎಂಬ ಅಕ್ಷರ ಅರ್ಧ ಉಳಿದಿತ್ತು. ಸೈರನ್ ಕಂಬದಲ್ಲಿ ಗೀಜಗದ ಗೂಡು. ಆಚೆಗೆ ಬಿಳಿ ಕಲ್ಲಿನ ಗುಡ್ಡೆಗಳು ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಈ ಹೊಳಪಿಗೇ ಜನ ಬೆಳ್ಳಿ ಎಂದಿರಬೇಕು. ನಾನು ಗೆದ್ದೆ ಎಂದುಕೊಂಡು, ಮನೆಯಲ್ಲಿ ಆಮ್ಲ ಹಾಕಿ ಪರೀಕ್ಷಿಸಲು ಒಂದು ಕಲ್ಲನ್ನು ಚೀಲಕ್ಕೆ ಇಳಿಸಿದೆ.

ಆಗ ಹೊಗೆ ಕಂಡಿತು. ಎರಡನೆಯ ಸಾಲಿನ ಕೊನೆಯ ಮನೆಯಿಂದ ತೆಳ್ಳಗೆ ಏಳುತ್ತಿತ್ತು. ನರಪಿಳ್ಳೆ ಇಲ್ಲದ ಊರಿನಲ್ಲಿ ಒಲೆ ಉರಿಯುತ್ತಿದೆ ಎಂದರೆ ಏನರ್ಥ? ಯಾರೋ ಕದ್ದು ಗಣಿ ನಡೆಸುತ್ತಿದ್ದಾರೆ, ದೆವ್ವದ ಕಥೆ ಅದಕ್ಕೊಂದು ಮರೆ. ನನ್ನ ತಲೆಯಲ್ಲಿ ಪೂರ್ತಿ ಕೇಸು ತಯಾರಾಯಿತು. ಸುಶೀಲಳಿಗೆ ಪಿಸುಗುಟ್ಟಿದೆ. ಅವಳು, ಸದ್ಯ, ಕುಡಿಯಲು ನೀರು ಸಿಗುತ್ತದಲ್ಲ ಎಂದಳು.

ನೀರಿಗಿಂತ ಮೊದಲು ಸಿಕ್ಕಿದ್ದು ಒಬ್ಬ ಮುದುಕಿ. ಕೈಯಲ್ಲಿ ಮೇಕೆ ಕಾಯುವ ಕೋಲು. ನನ್ನ ಮುಖ ನೋಡಲಿಲ್ಲ, ನೇರ ಚೀಲ ನೋಡಿದಳು. ಸಮಾನಧರ್ಮಿಯನ್ನು ಗುರುತಿಸಲು ನನಗೆ ಹೊತ್ತು ಹಿಡಿಯಲಿಲ್ಲ.

“ಯಾರ್ ಕಳ್ಸಿದ್ದು ಸಾ ನಿಮ್ನ?” ಎಂದಳು.

ಯಾರೂ ಇಲ್ಲ, ಸುಮ್ಮನೆ ನೋಡಲು ಬಂದೆವು ಎಂದೆ. ಸುಮ್ಮನೆ ಬಂದೆವು ಎಂದ ಯಾವ ವಿದ್ಯಾರ್ಥಿಯನ್ನೂ ನಾನು ನಂಬಿದವನಲ್ಲ, ಅವಳೂ ನಂಬಲಿಲ್ಲ. ಹೆಸರೇನು, ಒಬ್ಬಳೇ ಯಾಕಿದ್ದೀಯ, ರಾತ್ರಿ ಲಾರಿ ಬರುತ್ತದೆಯೇ ಎಂದು ನಾನು ಶುರುಮಾಡಿದೆ. ಅವಳು ಕೋಲಿನ ತುದಿಯಿಂದ ನನ್ನ ಚೀಲ ತಟ್ಟಿದಳು.

“ಬ್ಯಾಗಲ್ಲಿ ಏನ್ ಮಡಗಿದ್ದೀರಿ?”

“ನೀರಿನ ಬಾಟ್ಲು.”

“ತಗುದು ತೋರ್ಸಿ.”

ನಾನು ಗೆಜೆಟೆಡ್ ಅಲ್ಲದಿದ್ದರೂ ನಿವೃತ್ತ ಹೈಸ್ಕೂಲು ಮೇಷ್ಟ್ರು. ಚೀಲದ ಪಟ್ಟಿಯನ್ನು ಬಿಗಿಹಿಡಿದೆ. ಸುಶೀಲ ನನ್ನ ಹೆಗಲಿನಿಂದ ಚೀಲ ಕಳಚಿ ಅವಳ ಮುಂದೆ ಇಟ್ಟುಬಿಟ್ಟಳು. ಮುದುಕಿ ಕೈಹಾಕಿ ಬಾಟ್ಲು, ಛತ್ರಿ, ಕನ್ನಡಕದ ಡಬ್ಬಿ, ಒಂದೊಂದಾಗಿ ತೆಗೆದಳು. ಕೊನೆಗೆ ಕಲ್ಲು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನನ್ನನ್ನೇ ನೋಡಿದಳು. ಕಾಪಿ ಚೀಟಿಯೊಡನೆ ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆಂದು ನಾನು ನೂರಾರು ಸಲ ನೋಡಿದ್ದೆ. ಒಳಗಿನಿಂದ ಹೇಗಿರುತ್ತದೆಂದು ತಿಳಿದದ್ದು ಅಂದೇ. ಆ ಕಾಲುಚೀಲದವನ ಹೆಸರು ನೆನಪಿಗೆ ಬರುತ್ತದೇನೋ ಎಂದು ನೋಡಿದೆ, ಬರಲಿಲ್ಲ.

ಮುಂದಿನದನ್ನು ನಾನು ಪ್ರಶ್ನೆ ಕೇಳಿ ತಿಳಿದದ್ದಲ್ಲ. ಕೇಳುವ ಯೋಗ್ಯತೆಯೂ ಆಗ ಉಳಿದಿರಲಿಲ್ಲ. ಸುಶೀಲ ಜಗಲಿಯ ಮೇಲೆ ಅವಳ ಪಕ್ಕ ಕೂತು, ಕಾಲು ನೋವು ಹೇಗಿದೆ, ಮೇಕೆ ಯಾವಾಗ ಈಯುತ್ತದೆ ಎಂದು ಮಾತಾಡುತ್ತಾ ಹೋದಳು. ಹತ್ತು ನಿಮಿಷದಲ್ಲಿ ಹೆಸರು ಚಿಕ್ಕತಾಯಮ್ಮ ಎಂದು ಬಂತು. ಮಗಳು ಕವಲಂದೆಯಲ್ಲಿದ್ದಾಳೆ, ಬಾ ಎಂದು ಕರೆಯುತ್ತಾಳೆ, ಇವಳೇ ಹೋಗಿ ನಾಲ್ಕು ದಿನಕ್ಕೆ ವಾಪಸ್ ಬಂದುಬಿಡುತ್ತಾಳೆ ಎಂದು ಬಂತು. ಯಾಕಮ್ಮಾ ಎಂದು ಸುಶೀಲ ಕೇಳಿದಳು. ಚಿಕ್ಕತಾಯಮ್ಮ ಕೋಲಿನಿಂದ ಗುಡ್ಡೆಗಳ ಕಡೆ ತೋರಿಸಿದಳು. ಅಲ್ಲಿ ನೆಲಕ್ಕೆ ಸಮನಾಗಿ ಒಂದು ಕಾಂಕ್ರೀಟಿನ ಮುಚ್ಚಳವಿತ್ತು. ಬರುವಾಗ ನಾನು ಅದರ ಮೇಲೇ ನಿಂತು ಫೋಟೊ ತೆಗೆದಿದ್ದೆ.

“ನಮ್ಮೆಜಮಾನ್ರು ಬೆಳಿಗ್ಗೆ ಮುದ್ದೆ ಉಂಡ್ಕಂಡು ಅದ್ರೊಳಿಕ್ ಇಳುದ್ರು ಕಣವ್ವ. ಮ್ಯಾಕ್ ಬರ್ನಿಲ್ಲ.”

ಮಳೆಗಾಲದಲ್ಲಿ ಸುರಂಗ ಕುಸಿದಿತ್ತು. ಮೂರು ದಿನ ಅಗೆದರಂತೆ, ಆಮೇಲೆ ಮಿಕ್ಕವರ ಜೀವಕ್ಕೂ ಅಪಾಯ ಎಂದು ನಿಲ್ಲಿಸಿದರಂತೆ. ಗುಂಡಿಯ ಬಾಯಿಗೆ ಕಾಂಕ್ರೀಟು ಹಾಕಿ ಮುಚ್ಚಿದರು. ಕಂಪನಿ ಹೋಯಿತು, ಅದರ ಹಿಂದೆ ಆಸ್ಪತ್ರೆ, ಬಸ್ಸು, ಅಂಗಡಿ, ಕೊನೆಗೆ ನೆರೆಹೊರೆ. ಚಿಕ್ಕತಾಯಮ್ಮ ಮಾತ್ರ ಉಳಿದಳು. ಈಚೆಗೆ ಯಾರು ಯಾರೋ ಬಂದು ಬಿಳಿ ಕಲ್ಲಿನ ಗುಡ್ಡೆಗಳನ್ನು ತುಂಬಿಕೊಂಡು ಹೋಗಲು ನೋಡುತ್ತಾರಂತೆ. ಒಮ್ಮೆ ಲಾರಿ ಬಂದಾಗ ಇವಳು ಗುಡ್ಡೆಯ ಮೇಲೆ ಹತ್ತಿ ಕೂತು ಸಂಜೆವರೆಗೂ ಇಳಿದಿರಲಿಲ್ಲ.

“ಮಣ್ ಮಾಡಕೆ ನಂಗೆ ಅವ್ರ ಮೈ ಸಿಕ್ನಿಲ್ಲ,” ಎಂದಳು. “ಈ ಕಲ್ಲೆಲ್ಲಾ ಆ ಗುಂಡಿದೇಯ. ಇದ್ರಲ್ಲಿ ಯಾವ್ದು ಅವರ್ನ ಮುಟ್ಟಿರದು, ಯಾವ್ದು ಮುಟ್ದೆ ಇರದು, ನಂಗೇನ್ ಗೊತ್ತು? ಅದ್ಕೇ ಒಂದ್ನೂ ಬುಡಕಿಲ್ಲ.”

ನಾನು ಎದ್ದು, ಕಲ್ಲನ್ನು ಕೇಳಿ ಪಡೆದು, ಎಲ್ಲಿಂದ ಎತ್ತಿದ್ದೆನೋ ಅಲ್ಲಿಗೇ ಹೋಗಿ ಇಟ್ಟು ಬಂದೆ. ಸರಿಯಾಗಿ ಅದೇ ಜಾಗವೇ ಎಂಬ ಅನುಮಾನ ಬಂತು. ಈ ಸಲ ಅದಕ್ಕೆ ಸೊಪ್ಪು ಹಾಕದೆ, ಚಪ್ಪಲಿ ಬಿಟ್ಟು, ಆ ಕಾಂಕ್ರೀಟಿನ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತೆ. ವಾಪಸ್ ಬಂದಾಗ ಚಿಕ್ಕತಾಯಮ್ಮ ನನಗೂ ಒಂದು ಲೋಟ ಮಜ್ಜಿಗೆ ಇಟ್ಟಿದ್ದಳು. ದೆವ್ವದ ಸುದ್ದಿ ನಿಜವೇ ಎಂದು, ತಡೆಯಲಾರದೆ, ಕೇಳಿಯೇಬಿಟ್ಟೆ.

“ನಾನೇ ಏಳಿದ್ದು ಸಾ,” ಎಂದಳು ಸಮಾಧಾನವಾಗಿ. “ದೆವ್ವ ಅಂದ್ರೆ ಎದ್ರುತಾರೆ. ಮುದ್ಕಿಗ್ ಯಾರ್ ಎದ್ರುತಾರು?”

ಮಜ್ಜಿಗೆ ಮುಗಿಸಿ ವಾಪಸ್ ಹೊರಟೆವು. ನಾಲೆಯ ಏರಿ ಮುಗಿಯುವಲ್ಲಿ ಒಂದು ಜೀಪು ನಿಂತಿತ್ತು. ಸಫಾರಿ ಹಾಕಿದವರೊಬ್ಬರು ಇಳಿದು, ಗಣಿಗೆ ಇದೇ ದಾರಿಯೇ, ಅಲ್ಲಿ ಬಿಳಿ ಕಲ್ಲು ರಾಶಿ ಬಿದ್ದಿದೆಯಂತೆ, ಕಾವಲು ಗೀವಲು ಏನಾದರೂ ಇದೆಯೇ ಎಂದು ವಿಚಾರಿಸಿದರು. ನಾನು ಬಾಯಿ ತೆರೆದೆ. ಜೀವಮಾನವಿಡೀ ಸುಳ್ಳು ಹಿಡಿದವನಿಗೆ ಬೇಕಾದಾಗ ಒಂದು ಸುಳ್ಳೂ ಒದಗಲಿಲ್ಲ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಸುಶೀಲ ಸಣ್ಣ ದನಿಯಲ್ಲಿ ಶುರುಮಾಡಿದಳು. ಅಲ್ಲಿಗೆ ಹೋಗಲೇಬೇಡಿ, ನಮ್ಮ ಯಜಮಾನರಿಗೆ ಅಲ್ಲಿ ನಿಂತಲ್ಲೇ ಮಾತು ನಿಂತುಹೋಯಿತು, ಒಂದು ಗಂಟೆಯಾಯಿತು, ಇನ್ನೂ ಬಂದಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ ಎಂದಳು. ಸಫಾರಿಯವರು ನನ್ನ ತೆರೆದ ಬಾಯಿಯನ್ನು ನೋಡಿದರು. ಅದರಿಂದ ಏನೂ ಹೊರಡಲಿಲ್ಲ. ಗಾಡಿ ಓಡಿಸುವವನು ಆಗಲೇ ರಿವರ್ಸ್ ಗೇರು ಹಾಕಿದ್ದ.

ಅವರು ಮತ್ತೆ ಬರಬಹುದು. ಚಿಕ್ಕತಾಯಮ್ಮನ ಕೋಲು ಎಷ್ಟು ದಿನ ತಡೆದೀತೋ ಗೊತ್ತಿಲ್ಲ. ತಿಂಗಳಿಗೊಮ್ಮೆ ನಾವು ಹೋಗಿ ಮಜ್ಜಿಗೆ ಕುಡಿದು ಬರುತ್ತೇವೆ. ಚೀಲವನ್ನು ಅವಳು ಈಗಲೂ ಬಿಚ್ಚಿಸಿ ನೋಡುತ್ತಾಳೆ, ನಾನೂ ಸಂತೋಷವಾಗಿ ಬಿಚ್ಚಿ ತೋರಿಸುತ್ತೇನೆ. ನನ್ನನ್ನು ಕಾಡುವುದು ಬೇರೆ ವಿಷಯ. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಹೆಂಡತಿಗೆ, ರೆಪ್ಪೆ ಅಲುಗದಂತೆ, ಸಾಕ್ಷಿ ಸಮೇತ ಅಷ್ಟು ಸೊಗಸಾಗಿ ಸುಳ್ಳು ಹೇಳಲು ಬರುತ್ತದೆ. ಹಾಗಾದರೆ ಇಷ್ಟು ವರ್ಷ ನನ್ನ ಪಾಠ, ನನ್ನ ಹಾಡು, ನಾನು ಮಾಡಿದ ಉಪ್ಪಿಟ್ಟು, ಎಲ್ಲವನ್ನೂ ಚೆನ್ನಾಗಿದೆ ಎನ್ನುತ್ತಿದ್ದಳಲ್ಲ? ಈ ಒಂದು ಅನುಮಾನವನ್ನು ಮಾತ್ರ ನಾನು ವಿಚಾರಣೆಗೆ ಎತ್ತಿಕೊಳ್ಳುವುದಿಲ್ಲ.