ಬಿಡಿಸದೆ ಉಳಿದ ಪಥ್ಯ

ತೊಂಬತ್ತರ ದಶಕದ ಕೊನೆಯಲ್ಲಿ ಹಾನುಬಾಳಿನಲ್ಲಿ ಹಲ್ಲಿನ ಕ್ಲಿನಿಕ್ ತೆರೆದಾಗ ನನಗೆ ವಿದ್ಯೆಗಿಂತ ಕೊಬ್ಬೇ ಹೆಚ್ಚಿತ್ತು. ಅದನ್ನು ಇಳಿಸಿದವರು ಹತ್ತಿರದ ಕಾಫಿ ಎಸ್ಟೇಟಿನ ರೈಟರ್. ಆಳುಗಳ ಹಾಜರಿ ಬರೆಯುತ್ತಿದ್ದ, ಐವತ್ತು ದಾಟಿದ ಒಂಟಿ ಮನುಷ್ಯ. ಅವರ ಒಸಡು ನೇರಳೆ ಬಣ್ಣಕ್ಕೆ ತಿರುಗಿ ಹಲ್ಲುಗಳ ಮೇಲೆ ಉಬ್ಬಿ ನಿಂತಿತ್ತು. ಹತ್ತಿ ತಾಗಿಸಿದರೂ ರಕ್ತ. ನಾನು ಎರಡು ಸಲ ಹಲ್ಲು ಶುಚಿ ಮಾಡಿ, ಸರಿಯಾಗಿ ಉಜ್ಜಿ ಎಂದು ಗದರಿ ಕಳಿಸಿದೆ. ಮೂರನೇ ಸಲ ಬಂದಾಗ ಮುಂದಿನ ಹಲ್ಲುಗಳೂ ಅಲುಗಾಡುತ್ತಿದ್ದವು. ಎಲ್ಲವನ್ನೂ ಕಿತ್ತು ಕೃತಕ ಹಲ್ಲಿನ ಸೆಟ್ ಕಟ್ಟಿಸುವುದೊಂದೇ ದಾರಿ ಎಂದೆ.

"ಕೀಳಿ ಡಾಕ್ಟ್ರೇ, ಏನ್ಮಾಡೋದು" ಎಂದು ಕುರ್ಚಿಗೆ ಒರಗಿದರು. ಕಣ್ಣು ತುಂಬಿತ್ತು. ಆಗ ಪಂಚೆ ಸರಿದು ಮೊಣಕಾಲಿನ ಕೆಳಗೆ ಕಾಣಿಸಿತು: ಕೂದಲಿನ ಬುಡಬುಡಕ್ಕೂ ಸೂಜಿಮೊನೆಯಷ್ಟು ಕೆಂಪು ಚುಕ್ಕೆ. ಎತ್ತಿದ್ದ ಇಕ್ಕಳ ಕೆಳಗಿಟ್ಟೆ.

"ಊಟಕ್ಕೆ ಏನು ತಿಂತೀರಿ?"

"ಗಂಜಿ, ಉಪ್ಪು. ಒಂದೊಂದಿನ ರೊಟ್ಟಿ. ಪಥ್ಯ ಐತಲ್ಲ."

ಮಂಡಿನೋವಿಗೆ ಊರಿನ ಪಂಡಿತರೊಬ್ಬರು ಔಷಧಿ ಕೊಟ್ಟು, ಹುಳಿ, ಹಣ್ಣು, ಸೊಪ್ಪು, ತರಕಾರಿ ಮುಟ್ಟಬಾರದು ಎಂದಿದ್ದರಂತೆ. ನೋವು ಹೋಗಿ ಆರು ತಿಂಗಳಾಗಿತ್ತು. ಹಣ್ಣು ತರಕಾರಿ ಸಿಗದ ಹಡಗಿನವರ ರೋಗವೆಂದು ಓದಿ ಮರೆತಿದ್ದ ಸ್ಕರ್ವಿ, ಕಿತ್ತಳೆ ಗಿಡಗಳ ನಡುವೆ ದಿನವಿಡೀ ಓಡಾಡುವ ಮನುಷ್ಯನಿಗೆ ಬಂದಿತ್ತು.

"ನೋವು ಹೋದ ಮೇಲೆ ಪಥ್ಯ ಬಿಡಬಾರದಿತ್ತಾ?"

"ಇಟ್ಟೋರೇ ಬಿಡಿಸ್ಬೇಕು ಕಣ್ರೀ. ಅವರು ತೀರ್ಕೊಂಬುಟ್ರು."

ನನಗೆ ಸಿಟ್ಟು ನೆತ್ತಿಗೇರಿತು. ಅವರ ಮೇಲಲ್ಲ, ಎರಡು ಸಲ ಬಾಯಿ ನೋಡಿ ಒಂದು ಸಲವೂ ಊಟ ಕೇಳದ ನನ್ನ ಮೇಲೆ. ವಿಟಮಿನ್ ಸಿ ಮಾತ್ರೆ ಕೊಟ್ಟೆ. ನಾಲಗೆಗೆ ಹುಳಿ ತಾಗಿದ್ದೇ ತಡ, ಉಗುಳಿಬಿಟ್ಟರು. ವಾದ ಮಾಡಿ ಸೋತು, ಕೊನೆಗೆ ಬಾಡಿಗೆ ಜೀಪಿನಲ್ಲಿ ಅವರನ್ನು ಪಂಡಿತರ ಮನೆಗೇ ಕರೆದುಕೊಂಡು ಹೋದೆ.

ಪಂಡಿತರ ಹೆಂಡತಿ ನನ್ನ ಮಾತೆಲ್ಲ ಕೇಳಿ ಒಳಗಿನಿಂದ ಒಂದು ನೆಲ್ಲಿಕಾಯಿ ತಂದರು. "ಅವರ ಔಷ್ದಿ ಎಲ್ಲಾ ಅರೆದೋಳು ನಾನೇ. ನಿನ್ನ ಪಥ್ಯ ಇವತ್ತಿಗೆ ಮುಗೀತು, ತಿನ್ನಪ್ಪ" ಎಂದು ಕೈಗಿಟ್ಟರು. ಕಚ್ಚಲಾಗದೆ ರೈಟರ್ ಅದನ್ನು ಜಜ್ಜಿಸಿಕೊಂಡು ತಿಂದರು.

ಮಾತ್ರೆ, ಕಿತ್ತಳೆ, ನಿಂಬೆ ಎಲ್ಲ ಶುರುವಾಯಿತು. ವಾರದೊಳಗೆ ರಕ್ತ ನಿಂತಿತು. ತಿಂಗಳು ಕಳೆದು ಬಂದಾಗ ಒಸಡು ತನ್ನ ಬಣ್ಣಕ್ಕೆ ಮರಳಿತ್ತು. ಮುಂದಿನ ಹಲ್ಲೊಂದನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆ, ಜಪ್ಪಯ್ಯ ಅಂದರೂ ಅಲುಗಲಿಲ್ಲ. ಒಂದೇ ಒಂದು ಹಲ್ಲನ್ನೂ ಕೀಳಲಿಲ್ಲ. ನನಗೆ ಕುಣಿಯುವುದೊಂದು ಬಾಕಿ. ಅಷ್ಟು ದೊಡ್ಡ ಗೆಲುವು ಆಮೇಲೂ ನನಗೆ ಸಿಕ್ಕಿಲ್ಲ.

ರೈಟರ್ ಕುರ್ಚಿಯಿಂದ ಎದ್ದು ಹೋಗಿ ಬಾಗಿಲು ತೆರೆದರು. ಹೊರಗಿನ ಬೆಂಚಿನಲ್ಲಿ ಮೂವರು ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿದ್ದರು.

"ಇವರೂ ಪಂಡಿತರ ಪಥ್ಯದೋರೇ ಡಾಕ್ಟ್ರೇ. ಬರೋ ದಾರೀಲಿ ಅವರ ಮನೆ ಅಮ್ಮೋರ ಕೈಲಿ ಪಥ್ಯ ಬಿಡಿಸ್ಕೊಂಡೇ ಕರ್ಕೊಂಡ್ ಬಂದೀನಿ."