ಮಗಳು ಬೇಡವೆಂದ ಅಡ್ಡಹೆಸರು

“ನಿಮ್ಮ ಅಡ್ಡಹೆಸರು ಕಮ್ಮಾರ ಅಂದ್ರೆ ಏನರ್ಥ?” ಸ್ವೀಡನ್ನಿನ ಶೋವ್ಡೆ ಊರಲ್ಲಿ ಮಗಳ ಶಾಲೆಯ ಪೋಷಕರ ಫೀಕಾಕ್ಕೆ, ಅಂದರೆ ಕಾಫಿ ಕೂಟಕ್ಕೆ, ಹೋದಾಗ, ಕಾಫಿ ಹಿಡಿದು ನಿಂತಿದ್ದ ಇಂಗ್ಲೆಂಡಿನ ಮೇಷ್ಟ್ರು ಸ್ಮಿತ್ ನನ್ನನ್ನು ಕೇಳಿದರು.

“ಅಪ್ಪಾ, ಪ್ಲೀಸ್, ಹೇಳ್ಬೇಡ,” ಎಂದು ಮಗಳು ಅನಘಾ ಪಿಸುಗುಟ್ಟಿದಳು. ಬೆಂಗಳೂರಿನ ಗೆಳತಿಯೊಬ್ಬಳು ನಕ್ಕಳೆಂದು ಆ ಅಡ್ಡಹೆಸರನ್ನೇ ಬಿಡುವ ಹಟದಲ್ಲಿದ್ದಳು ಅವಳು.

ನಾನು ಮುಚ್ಚಿಡಲಿಲ್ಲ. “ಕಬ್ಬಿಣ ಕಾಯಿಸಿ ಬಡಿಯೋರು. ನಮ್ಮ ತಾತನ ಕಸುಬು,” ಎಂದೆ.

ಸ್ಮಿತ್ ಕಪ್ ಕೆಳಗಿಟ್ಟು ನನ್ನನ್ನು ಅಪ್ಪಿಕೊಂಡೇಬಿಟ್ಟರು. “ಸ್ಮಿತ್ ಅಂದ್ರೂ ಅದೇ! ಹಿಂದೆ ಪ್ರತಿ ಊರಿಗೂ ಕಮ್ಮಾರ ಬೇಕೇ ಬೇಕಿತ್ತು. ಅದಕ್ಕೇ ಇಂಗ್ಲೆಂಡಲ್ಲಿ ನಮ್ಮಷ್ಟು ಜನ ಬೇರೆ ಯಾವ ಹೆಸರಿನವರೂ ಇಲ್ಲ!” ಅನಘಾ ಕಣ್ಣರಳಿಸಿ ಕೇಳುತ್ತಿದ್ದಳು.

ಮರುವಾರ ಅವಳು ಫುಟ್‌ಬಾಲ್ ಜೆರ್ಸಿಯ ಬೆನ್ನ ಮೇಲೆ ‘ಕಮ್ಮಾರ’ ಎಂದು ದೊಡ್ಡದಾಗಿ ಬರೆಸಿಕೊಂಡು ಬಂದಳು. ಮೈದಾನದಲ್ಲಿ ಸ್ವೀಡಿಷ್ ಹುಡುಗಿಯರು ಆ ಹೆಸರು ಹಿಡಿದು ಕೂಗುವಾಗ ನನಗೆ ತಾತನನ್ನೇ ಕೂಗಿದಂತಾಗುತ್ತದೆ.